ಟ್ಯಾಬ್ ಹೊರೋದಾ, ಲ್ಯಾಪ್‌ಟಾಪ್ ಹೊರೋದಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯಕ್ಕೆ. ಊರೂರು ತಿರುಗುವಾಗ ಬ್ಯಾಗಿನಲ್ಲಿ ಟ್ಯಾಬ್ ಇರಬೇಕಾ, ಹಗುರವಾದ ಲ್ಯಾಪ್‌ಟಾಪ್ ಇರಬೇಕಾ ಅಂತ. ಬರೆದವರೆಲ್ಲ ನಮ್ಮ ಮಂಡ್ಯ, ಮೈಸೂರು ಕಡೆಯವರೇ. ಆರು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು, ಬೈಕೋಬೇಡಿ. ಅದು ಹೊಟ್ಟೆಪಾಡಿನ ಪ್ರಶ್ನೆ, ಎರಡು ಸಾಲಿನಲ್ಲಿ ಮುಗಿಸುವುದು ಸರಿ ಅನ್ನಿಸಲಿಲ್ಲ.

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಅಕೌಂಟ್ಸ್ ಬರೆಯುವವಳು. ಎರಡು ರೈಸ್ ಮಿಲ್, ಒಂದು ಬೆಲ್ಲದ ಮಂಡಿ, ನಾಲ್ಕೈದು ಹಾರ್ಡ್‌ವೇರ್ ಅಂಗಡಿಗಳ ಲೆಕ್ಕ ನನ್ನ ಹತ್ತಿರ ಇದೆ. ವಾರಕ್ಕೆರಡು ಸಲ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕು, ಉಳಿದ ದಿನ ಬಸ್ಸಿನಲ್ಲಿ ನಾಗಮಂಗಲ, ಪಾಂಡವಪುರ. ಲ್ಯಾಪ್‌ಟಾಪ್ ತಗೊಂಡು ಆರು ವರ್ಷವಾಯಿತು, ಹೊತ್ತರೆ ಕಲ್ಲು ಹೊತ್ತ ಹಾಗೆ. ಭುಜ ಹಿಡಿದುಕೊಂಡಿದೆ. ಡಾಕ್ಟರು ಭಾರ ಕಡಿಮೆ ಮಾಡಿ ಅಂದರು. ಮಗ ಟ್ಯಾಬ್ ತಗೋಮ್ಮ ಅಂತಾನೆ. ಅಂಗಡಿಯವರು ಕೀಬೋರ್ಡ್ ಹಾಕಿದರೆ ಅದೇ ಲ್ಯಾಪ್‌ಟಾಪ್ ಮೇಡಂ ಅಂತಾರೆ. 65 ಸಾವಿರ ಇಟ್ಟುಕೊಂಡಿದ್ದೇನೆ. ಏನು ತಗೊಳ್ಳಲಿ?

ಉತ್ತರ: ಮೇಡಂ, ಮೊದಲು ಒಂದು ಕೆಲಸ ಮಾಡಿ. ನೀವು ಲೆಕ್ಕ ಬರೆಯುವ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವ ತಕ್ಕಡಿ ಇರುತ್ತಲ್ಲ, ಅದರ ಮೇಲೆ ನಿಮ್ಮ ಬ್ಯಾಗನ್ನು ಇಡಿ. ಆಮೇಲೆ ಒಂದೊಂದೇ ಸಾಮಾನು ತೆಗೆದು ಮತ್ತೆ ತೂಗಿ. ನಾನು ಹೀಗೆ ಮಾಡಿದ್ದು ದಿನಸಿ ಅಂಗಡಿಯಲ್ಲಿ, ಹಿಂದೆ ಸಾಲಿನಲ್ಲಿ ನಿಂತವರು ನಗುತ್ತಿದ್ದರು, ನಗಲಿ. ನನ್ನ ಹಳೆಯ ಲ್ಯಾಪ್‌ಟಾಪ್ ಎರಡೂಕಾಲು ಕೇಜಿ ಇತ್ತು, ಅದು ಗೊತ್ತಿದ್ದದ್ದೇ. ಗೊತ್ತಿಲ್ಲದೇ ಇದ್ದದ್ದು ಚಾರ್ಜರ್. ಇಟ್ಟಿಗೆಯಂಥ ಡಬ್ಬಿ, ಅದರ ಎರಡು ವೈರು ಸೇರಿ ಅರ್ಧ ಕೇಜಿ. ಬ್ಯಾಗ್ ಖಾಲಿ ಇದ್ದಾಗಲೇ ಒಂದು ಕೇಜಿ. ಊಟದ ಡಬ್ಬಿ, ನೀರಿನ ಬಾಟಲಿ, ಕಳೆದ ವರ್ಷದ್ದೊಂದು ಡೈರಿ, ಯಾವಾಗಲೋ ಹಾಕಿಕೊಂಡಿದ್ದ ಛತ್ರಿ. ಭುಜ ನೋಯಿಸುವ ಪಾಪವನ್ನೆಲ್ಲ ಲ್ಯಾಪ್‌ಟಾಪ್ ತಲೆಗೆ ಕಟ್ಟುವ ಹಾಗಿಲ್ಲ ಅಂತ ಅವತ್ತು ಗೊತ್ತಾಯಿತು.

ಈಗ ಟ್ಯಾಬಿನ ತೂಕಕ್ಕೆ ಬರೋಣ. ಆಪಲ್ ಕಂಪನಿಯ 11 ಇಂಚಿನ ಐಪ್ಯಾಡ್ ಏರ್ ಬರೀ ಅದೊಂದೇ ಆದರೆ 460 ಗ್ರಾಂ ಆಸುಪಾಸು. ಹೂವಿನ ಹಾಗೆ ಎತ್ತಬಹುದು. ಆದರೆ ನೀವು ಅಂಕಿ ಹೊಡೆಯುವವರು, ಗಾಜಿನ ಮೇಲೆ ಬೆರಳು ತಟ್ಟಿ ಮುನ್ನೂರು ಎಂಟ್ರಿ ಹಾಕಲಾಗುತ್ತಾ? ಕೀಬೋರ್ಡ್ ಬೇಕೇ ಬೇಕು. ಆ ಕಂಪನಿಯದೇ ಮ್ಯಾಜಿಕ್ ಕೀಬೋರ್ಡ್ ಸಿಕ್ಕಿಸಿದರೆ ಎರಡೂ ಸೇರಿ ಒಂದು ಕೇಜಿ ದಾಟುತ್ತದೆ. ಅದೇ ಕಂಪನಿಯ 13 ಇಂಚಿನ ಮ್ಯಾಕ್‌ಬುಕ್ ಏರ್, ಪೂರ್ತಿ ಲ್ಯಾಪ್‌ಟಾಪ್, 1.24 ಕೇಜಿ. ವ್ಯತ್ಯಾಸ ಎಷ್ಟು ಉಳಿಯಿತು ನೋಡಿ, ಒಂದು ಸೌತೆಕಾಯಿಯಷ್ಟು. ಅಂಗಡಿಯವರು ಕೀಬೋರ್ಡ್ ಹಾಕಿದರೆ ಲ್ಯಾಪ್‌ಟಾಪೇ ಅಂದದ್ದು ತೂಕದ ಮಟ್ಟಿಗೆ ಸತ್ಯ.

ಕೆಲಸದ ಮಟ್ಟಿಗೆ ಸತ್ಯ ಅಲ್ಲ. ನಿಮ್ಮ ಕೆಲಸ ಏನು ಅಂತ ಒಂದೊಂದಾಗಿ ನೋಡೋಣ.

ಟ್ಯಾಲಿ. ಅದು ವಿಂಡೋಸ್‌ಗೆ ಅಂತ ಮಾಡಿದ, ಲೆಕ್ಕ ಬರೆಯುವ ಸಾಫ್ಟ್‌ವೇರ್. ಬ್ರೌಸರಿನಲ್ಲಿ ರಿಪೋರ್ಟ್ ನೋಡುವುದಕ್ಕೆ ದಾರಿ ಇದೆ, ಆದರೆ ಆಂಡ್ರಾಯ್ಡ್ ಟ್ಯಾಬಿಗಾಗಲಿ ಐಪ್ಯಾಡಿಗಾಗಲಿ ಅದನ್ನೇ ಹಾಕಿಕೊಂಡು ವೋಚರ್ ಎಂಟ್ರಿ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಎಕ್ಸೆಲ್ ಏನೋ ಟ್ಯಾಬಿನಲ್ಲಿ ಬರುತ್ತದೆ. ಆದರೆ ಎಕ್ಸೆಲ್‌ನಲ್ಲಿ ಮ್ಯಾಕ್ರೋ, ಅಂದರೆ ಒಂದು ಬಟನ್ ಒತ್ತಿದರೆ ಹತ್ತು ಕೆಲಸ ತಾನೇ ಮಾಡುವ ಪುಟ್ಟ ಪ್ರೋಗ್ರಾಂ, ಬರೆದಿಟ್ಟುಕೊಂಡಿದ್ದರೆ, ಲೆಕ್ಕದವರಲ್ಲಿ ಬಹಳ ಜನ ಬರೆದಿಟ್ಟುಕೊಂಡಿರುತ್ತಾರೆ, ಅದು ಟ್ಯಾಬಿನಲ್ಲಿ ಓಡುವುದಿಲ್ಲ. ಫೈಲ್ ತೆರೆದುಕೊಳ್ಳುತ್ತದೆ, ಬಟನ್ ಕಾಣುತ್ತದೆ, ಒತ್ತಿದರೆ ಏನೂ ಆಗಲ್ಲ. ಇನ್ನೊಂದು ಸಂಗತಿ ಅಂಗಡಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮೈಕ್ರೋಸಾಫ್ಟಿನ ಎಕ್ಸೆಲ್, ವರ್ಡ್ ಆ್ಯಪ್‌ಗಳಲ್ಲಿ ಪುಕ್ಕಟೆ ತಿದ್ದಲು ಬಿಡುವುದು 10.1 ಇಂಚಿನವರೆಗಿನ ಪರದೆಗೆ ಮಾತ್ರ. ಅದಕ್ಕಿಂತ ದೊಡ್ಡ ಟ್ಯಾಬ್ ಆದರೆ ಫೈಲ್ ನೋಡಬಹುದು, ತಿದ್ದಲು ವರ್ಷ ವರ್ಷ ಚಂದಾ ಕಟ್ಟಬೇಕು. ಈಗಿನ ಒಳ್ಳೆಯ ಟ್ಯಾಬ್‌ಗಳೆಲ್ಲ ಹತ್ತಿರ ಹತ್ತಿರ 11 ಇಂಚು, ಅಲ್ವಾ?

ಮುಖ್ಯವಾದದ್ದು ಡಿಎಸ್‌ಸಿ ಟೋಕನ್, ಅಂದರೆ ಡಿಜಿಟಲ್ ಸಹಿ ಇಟ್ಟುಕೊಂಡಿರುವ ಸಾಧನ. ನಿಮ್ಮ ಗಿರಾಕಿಗಳಲ್ಲಿ ಪ್ರೊಪ್ರೈಟರ್‌ಗಳೇ ಇದ್ದರೆ ಜಿಎಸ್‌ಟಿ ರಿಟರ್ನ್‌ಗೆ ಮೊಬೈಲಿಗೆ ಬರುವ ಓಟಿಪಿ ಸಾಕು, ಟ್ಯಾಬಿನ ಬ್ರೌಸರಿನಲ್ಲಿ ಹೇಗೋ ಏಗಬಹುದು. ಆದರೆ ರೈಸ್ ಮಿಲ್ ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಹೆಸರಿನಲ್ಲಿದ್ದರೆ ಡಿಜಿಟಲ್ ಸಹಿ ಕಡ್ಡಾಯ. ಆ ಪೆನ್ ಡ್ರೈವಿನಂಥ ಟೋಕನ್‌ಗೆ ಡ್ರೈವರ್ ಬೇಕು, ಅದನ್ನು ಕಂಪ್ಯೂಟರಿಗೆ ಪರಿಚಯ ಮಾಡಿಸುವ ಸಾಫ್ಟ್‌ವೇರ್ ಅದು, ಸಹಿ ಮಾಡುವ ಪುಟ್ಟ ಸಾಫ್ಟ್‌ವೇರ್ ಬೇಕು, ಅವಕ್ಕೆ ಕಂಪ್ಯೂಟರೇ ಬೇಕು. 20ನೇ ತಾರೀಖು ರಾತ್ರಿ, ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೀರಿ, ಜಿಎಸ್‌ಟಿಯ 3ಬಿ ರಿಟರ್ನ್ ಕಟ್ಟುವ ಕೊನೆಯ ದಿನ, ಕೈಯಲ್ಲಿ ಟೋಕನ್ ಇದೆ, ಟ್ಯಾಬ್ ಇದೆ, ಒಂದಕ್ಕೊಂದು ಮಾತಾಡುತ್ತಿಲ್ಲ. ಲೇಟ್ ಫೀ, ಬಡ್ಡಿ ಬಿದ್ದರೆ ಮಿಲ್ಲಿನ ಯಜಮಾನರು ನಿಮ್ಮ ಭುಜದ ನೋವು ಕೇಳುತ್ತಾರಾ?

ಮಗ ಇದನ್ನು ಓದಿದರೆ, ಟ್ಯಾಬಿನಿಂದ ಮನೆಯ ಕಂಪ್ಯೂಟರಿಗೆ ರಿಮೋಟ್ ಆಗಿ ಹೋಗಬಹುದಲ್ಲಮ್ಮ ಅನ್ನುತ್ತಾನೆ. ಬುದ್ಧಿವಂತನೇ. ಹೋಗಬಹುದು. ಆದರೆ ಮನೆಯ ಕಂಪ್ಯೂಟರ್ ಆನ್ ಆಗಿರಬೇಕು, ಮಂಡ್ಯದಲ್ಲಿ ಕರೆಂಟ್ ಇರಬೇಕು, ನೀವಿದ್ದ ಕಡೆ ನೆಟ್‌ವರ್ಕ್ ಇರಬೇಕು. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಬಳಸಬೇಕೆಂದರೆ ಮನೆಯದರಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಆವೃತ್ತಿಗೆ ಹೊರಗಿನಿಂದ ಬರಲು ಅದು ಬಿಡುವುದಿಲ್ಲ. ಇಷ್ಟೆಲ್ಲ ಕೂಡಿ ಬಂದ ದಿನ ಸರಿ. ಕೂಡಿ ಬರದ ದಿನಕ್ಕೆ ಏನು ಮಾಡುವುದು?

ಹಾಗಾಗಿ ನಿಮಗೆ ಲ್ಯಾಪ್‌ಟಾಪೇ. 14 ಇಂಚಿನದು, 1.3 ರಿಂದ 1.4 ಕೇಜಿ ಒಳಗಿರುವಂಥದ್ದು ನಿಮ್ಮ ದುಡ್ಡಿಗೆ ಹುಡುಕಿದರೆ ಸಿಗುತ್ತದೆ. ಒಂದು ಕೇಜಿಗಿಂತ ಕಡಿಮೆಯದೂ ಇವೆ, ಅವಕ್ಕೆ ಕೈ ಹಾಕಿದರೆ ಬಜೆಟ್ ಎಲ್ಲೋ ಹೋಗುತ್ತದೆ, ಉಳಿಯುವುದು ಮುನ್ನೂರು ಗ್ರಾಂ. ಛತ್ರಿ ಮನೆಯಲ್ಲಿ ಬಿಟ್ಟರೂ ಅಷ್ಟು ಉಳಿಯುತ್ತದೆ.

ಅಂಗಡಿಯಲ್ಲಿ ಮೂರು ವಿಷಯ ಗಟ್ಟಿಯಾಗಿ ಕೇಳಿ. ರ‍್ಯಾಮ್ 16 ಜಿಬಿ ಇದೆಯಾ ಅನ್ನುವುದು ಒಂದು. ಹಗುರದ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹಾಕಿಸುತ್ತೇನೆ ಅಂದರೆ ಜಾಗವೇ ಇರುವುದಿಲ್ಲ. ಟೈಪ್-ಸಿ ತೂತಿನಿಂದ ಚಾರ್ಜ್ ಆಗುತ್ತದಾ ಅನ್ನುವುದು ಎರಡನೆಯದು. ಆಗುವುದಾದರೆ ಆ ಇಟ್ಟಿಗೆ ಬಿಟ್ಟು ಅಂಗೈಯಲ್ಲಿ ಹಿಡಿಯುವ 65 ವ್ಯಾಟಿನ, ಗ್ಯಾನ್ ಅನ್ನುವ ಬಗೆಯ ಪುಟ್ಟ ಚಾರ್ಜರ್ ಇಟ್ಟುಕೊಳ್ಳಿ, ಫೋನಿಗೂ ಅದೇ ಆಗುತ್ತದೆ. ಬರೀ ಇದರಿಂದಲೇ ಮುನ್ನೂರು ಗ್ರಾಂ ಇಳಿಯುತ್ತದೆ. ಮೂರನೆಯದು ಪ್ರೊಸೆಸರ್. 2024ರಿಂದ ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬಂದಿವೆ. ಬ್ಯಾಟರಿ ಚೆನ್ನಾಗಿ ಬರುತ್ತದೆ, ಬಿಸಿ ಆಗುವುದು ಕಡಿಮೆ, ನನಗೂ ಇಷ್ಟ. ಆದರೆ ಅದು ಆರ್ಮ್ ಜಾತಿಯ ಚಿಪ್, ಫೋನುಗಳಲ್ಲಿರುವ ಬಗೆಯದು, ಇಂಟೆಲ್, ಎಎಂಡಿ ಜಾತಿಯದಲ್ಲ. ಹಳೆಯ ಸಾಫ್ಟ್‌ವೇರನ್ನು ಹೇಗೋ ಅನುಕರಿಸಿ ಓಡಿಸುತ್ತದೆ, ಡ್ರೈವರ್‌ಗಳನ್ನು ಮಾತ್ರ ಹಾಗೆ ಓಡಿಸಲಾಗದು. ನಿಮ್ಮ ಟೋಕನ್ ಮಾಡಿದವರು ಆರ್ಮ್‌ಗೆ ಅಂತ ಬೇರೆ ಡ್ರೈವರ್ ಕೊಟ್ಟಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಇಂಟೆಲ್ ಅಥವಾ ಎಎಂಡಿ ತಗೊಳ್ಳಿ. ಅಂಗಡಿಗೆ ಹೋಗುವಾಗ ಟೋಕನ್ ಜೊತೆಗೇ ಒಯ್ಯಿರಿ, ಸಿಕ್ಕಿಸಿ ತೋರಿಸಿ ಅನ್ನಿ. ದಾಕ್ಷಿಣ್ಯ ಬೇಡ, ದುಡ್ಡು ನಿಮ್ಮದು.

ಒಂದು ಮಾತು ಬಿಟ್ಟಿದ್ದೆ. ರೈಲಿನಲ್ಲಿ ಮದ್ದೂರು ಬಂದಾಗ ವಡೆ ತಗೊಳ್ಳುತ್ತೀರಲ್ಲ, ಆ ಎಣ್ಣೆ ಕೈಯಲ್ಲಿ ಟಚ್‌ಸ್ಕ್ರೀನ್ ಮುಟ್ಟಿ ನೋಡಿ, ಆಗ ಕೀಬೋರ್ಡಿನ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಮೈಸೂರಿನ ಕುವೆಂಪುನಗರದವನು. ನಾನು, ನನ್ನ ಹೆಂಡತಿ ಕಾಶಿಗೆ ಹೊರಟಿದ್ದೇವೆ, ರೈಲಿನಲ್ಲಿ. ದಾರಿಯಲ್ಲಿ ಓದಬೇಕು, ಮೊಮ್ಮಗಳ ಮುಖ ನೋಡಿ ಮಾತಾಡಬೇಕು, ದಿನಾ ಕಂಡದ್ದನ್ನು ಕನ್ನಡದಲ್ಲಿ ಬರೆದಿಡಬೇಕು. ಮನೆಯಲ್ಲಿ ಕಂಪ್ಯೂಟರ್ ಇದೆ, ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ರೂಢಿ. ಲ್ಯಾಪ್‌ಟಾಪ್ ತಗೊಂಡರೆ ಒಳ್ಳೆಯದಾ?

ಉತ್ತರ: ಬೇಡ ಮೇಷ್ಟ್ರೇ, ಟ್ಯಾಬ್ ತಗೊಳ್ಳಿ. ಮೇಲೆ ಅಷ್ಟುದ್ದ ಲ್ಯಾಪ್‌ಟಾಪ್ ಪುರಾಣ ಹೇಳಿ ಇಲ್ಲಿ ಟ್ಯಾಬ್ ಅಂತೀನಲ್ಲ ಅನ್ನಬೇಡಿ. ಆ ಮೇಡಂಗೆ ಬೆಂಗಳೂರಿನಲ್ಲಿ ಕೂತು ಮುಗಿಸಲೇಬೇಕಾದ ಕೆಲಸ ಇದೆ. ನಿಮಗೆ ಕಾಶಿಯಲ್ಲಿ ಕೂತು ಮುಗಿಸಬೇಕಾದದ್ದು ಏನೂ ಇಲ್ಲ, ಅರ್ಧಕ್ಕೆ ನಿಲ್ಲಿಸಿ ಘಾಟಿಗೆ ಹೋಗಬಹುದು. ಉಳಿದದ್ದನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ತಿದ್ದುತ್ತೀರಿ. ಮನೆಯಲ್ಲೊಂದು ಕಂಪ್ಯೂಟರ್ ಇದ್ದವರಿಗೆ ಟ್ಯಾಬ್ ಒಳ್ಳೆಯ ಸಂಗಾತಿ. ಅಕ್ಷರ ದೊಡ್ಡದು ಮಾಡಿ ಓದಬಹುದು, ಮೇಲಿನ ಬರ್ತಿನಲ್ಲಿ ಮಲಗಿ ಹಿಡಿಯಬಹುದು, ವಿಡಿಯೊ ಕಾಲ್‌ಗೆ ಫೋನಿಗಿಂತ ದೊಡ್ಡ ಪರದೆ, ಅಜ್ಜಿಗೆ ಮೊಮ್ಮಗಳ ಹಲ್ಲು ಬಿದ್ದದ್ದೂ ಕಾಣುತ್ತದೆ.

ನಿಮ್ಮ ವಿಷಯದಲ್ಲಿ ನನಗೆ ಹೆದರಿಕೆ ಇರುವುದು ಕನ್ನಡದ್ದೇ. ನುಡಿಯಲ್ಲಿ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ ಫೈಲುಗಳಿವೆಯಲ್ಲ, ಯೂನಿಕೋಡ್ ಅಲ್ಲದವು, ಅವನ್ನು ಟ್ಯಾಬಿನಲ್ಲಿ ತೆರೆದರೆ ಕನ್ನಡ ಬರುವುದಿಲ್ಲ. ಅವುಗಳ ಒಳಗೆ ನಿಜಕ್ಕೂ ಕನ್ನಡದ ಸಂಕೇತ ಇರುವುದೇ ಇಲ್ಲ, ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ, ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕೊಂಬು ಬಾಲ ಹಚ್ಚಿದ ರೋಮನ್ ಅಕ್ಷರಗಳ ಸಂತೆ. ನನಗೆ ಇದು ಹುಬ್ಬಳ್ಳಿಯ ಲಾಡ್ಜೊಂದರಲ್ಲಿ ಗೊತ್ತಾಯಿತು. ಮರುದಿನ ಬೆಳಿಗ್ಗೆ ಓದಬೇಕಿದ್ದ ಭಾಷಣ, ರಾತ್ರಿ ಹತ್ತಕ್ಕೆ ಟ್ಯಾಬಿನಲ್ಲಿ ತೆರೆದೆ, ಒಂದಕ್ಷರ ಕನ್ನಡ ಇಲ್ಲ. ಹೆಂಡತಿಗೆ ಫೋನ್ ಮಾಡಿ, ಅವಳು ಮನೆಯ ಕಂಪ್ಯೂಟರ್ ಪರದೆಯ ಫೋಟೊ ತೆಗೆದು ಒಂದೊಂದೇ ಪುಟ ಕಳಿಸಿದಳು. ಭಾಷಣ ಚೆನ್ನಾಗಿತ್ತು ಅಂದರು, ಅವಳಿಗೆ ಮಾತ್ರ ಇನ್ನೂ ಸಿಟ್ಟಿದೆ. ಹೊರಡುವ ಮೊದಲೇ ಬೇಕಾದ ಫೈಲುಗಳನ್ನು ಮನೆಯಲ್ಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಬರೀ ಓದುವುದಕ್ಕಾದರೆ ಪಿಡಿಎಫ್ ಮಾಡಿಕೊಂಡರೂ ಸಾಕು.

ಹೊಸದಾಗಿ ಬರೆಯುವುದಕ್ಕೆ ತೊಂದರೆ ಇಲ್ಲ. ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಕನ್ನಡ ಇದೆ, ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತದೆ. ಮೇಷ್ಟ್ರ ಉಚ್ಚಾರ ಚೆನ್ನಾಗಿರುತ್ತದೆ, ನಿಮಗೆ ತಪ್ಪು ಕಡಿಮೆ ಬೀಳುತ್ತದೆ. ಆದರೆ ಇದಕ್ಕೆ ನೆಟ್ ಬೇಕಾಗಬಹುದು, ಓಡುವ ರೈಲಿನಲ್ಲಿ ನಂಬಿ ಕೂರಬೇಡಿ. ಐಪ್ಯಾಡಿನಲ್ಲೂ ಕನ್ನಡದ ಕೀಲಿಮಣೆ ಕೊಟ್ಟಿದ್ದಾರೆ. ತೊಡಕು ಇರುವುದು ಬ್ಲೂಟೂತ್ ಕೀಬೋರ್ಡ್ ಜೋಡಿಸಿದಾಗ. ನಿಮ್ಮ ಬೆರಳಿಗೆ ಹತ್ತಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ನುಡಿಯಲ್ಲಿ ಇರುವುದು ಅದೇ ದಾರಿಯದು. ಹೊಸ ಕೀಬೋರ್ಡ್ ಹಾಕಿದ ಕೂಡಲೇ ಅದು ತಾನಾಗಿ ಬರುವುದಿಲ್ಲ. ಅಂಗಡಿಯಲ್ಲೇ ಕೂತು ‘ಶ್ರೀರಂಗಪಟ್ಟಣ’, ‘ಜ್ಞಾನ’, ‘ಸೂರ್ಯ’ ಈ ಮೂರು ಪದ ಹೊಡೆದು ನೋಡಿ. ಮೂರೂ ಸರಿ ಬಂದರೆ ಕೀಬೋರ್ಡ್ ತಗೊಳ್ಳಿ, ಇಲ್ಲದಿದ್ದರೆ ಬಿಟ್ಟುಬಿಡಿ, ಗಾಜಿನ ಮೇಲೇ ಬರೆಯಿರಿ.

ಇನ್ನೊಂದು, ಸಿಮ್ ಹಾಕುವ ಮಾದರಿಯಾ ಬರೀ ವೈಫೈನದ್ದಾ ಅಂತ ಅಂಗಡಿಯಲ್ಲಿ ಕೇಳುತ್ತಾರೆ. ಫೋನಿನ ಹಾಟ್‌ಸ್ಪಾಟ್ ಇದ್ದರೆ ವೈಫೈ ಸಾಕು, ದುಡ್ಡು ಉಳಿಯುತ್ತದೆ. ಆದರೆ ಐಪ್ಯಾಡ್ ಆದರೆ ಒಂದು ಗಮನವಿರಲಿ, ವೈಫೈ ಮಾದರಿಯಲ್ಲಿ ಜಿಪಿಎಸ್ ಇರುವುದಿಲ್ಲ, ಸಿಮ್‌ನ ಮಾದರಿಯಲ್ಲಿ ಮಾತ್ರ. ಗಲ್ಲಿಗಳಲ್ಲಿ ದಾರಿ ಹುಡುಕುವುದಕ್ಕೆ ಫೋನ್ ನೋಡುತ್ತೇವೆ ಅಂತಾದರೆ ಇದರ ಚಿಂತೆಯೂ ಬೇಡ. ಮತ್ತೆ ರೈಲಿನಲ್ಲಿ ಸಂಜೆಯೇ ಚಾರ್ಜ್ ಮಾಡಿಕೊಳ್ಳಿ. ಕೆಲವು ರೈಲುಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್‌ಗಳಿಗೆ ಕರೆಂಟ್ ನಿಲ್ಲಿಸುತ್ತಾರೆ, ಬೆಂಕಿ ಅನಾಹುತದ ಭಯಕ್ಕೆ. ಬೆಳಿಗ್ಗೆ ಎದ್ದು ಸತ್ತ ಟ್ಯಾಬ್ ಹಿಡಿದು ಪಕ್ಕದವರ ಮೇಲೆ ಸಂಶಯ ಪಡಬೇಡಿ.

ಪ್ರಶ್ನೆ: ಮದುವೆ ಫೋಟೊ ತೆಗೆಯುವುದು ನನ್ನ ಕಸುಬು, ಊರು ಶ್ರೀರಂಗಪಟ್ಟಣ. ಬಿಡುವಾದಾಗ ರಂಗನತಿಟ್ಟು, ಕಬಿನಿ ಅಂತ ಹಕ್ಕಿ ಹಿಂದೆ ಹೋಗುತ್ತೇನೆ. ಸ್ಟುಡಿಯೊದಲ್ಲಿ ದೊಡ್ಡ ಕಂಪ್ಯೂಟರ್ ಇದೆ. ಹೊರಗೆ ಹೋದಾಗ ಕಾರ್ಡ್ ಖಾಲಿ ಮಾಡಿಕೊಳ್ಳಲು, ಫೋಟೊ ನೋಡಲು ಟ್ಯಾಬ್ ಸಾಕಾ ಅಣ್ಣಾ?

ಉತ್ತರ: ಹಕ್ಕಿಗೆ ಸಾಕು, ಮದುವೆಗೆ ಸಾಲದು.

ಯಾಕೆ ಅಂತ ಲೆಕ್ಕ ಹಾಕೋಣ ಬಾ. ಹಕ್ಕಿ ಹಾರುವಾಗ ಕ್ಯಾಮೆರಾ ಬಿಡದೆ ಹೊಡೆಯುತ್ತೀಯ, ದಿನಕ್ಕೆ 1500 ಫೋಟೊ ಏನೂ ಜಾಸ್ತಿ ಅಲ್ಲ. ರಾ ಫೈಲ್, ಅಂದರೆ ಕ್ಯಾಮೆರಾ ಕುಗ್ಗಿಸದೆ ಕೊಡುವ ಅಸಲಿ ಫೈಲ್, ಒಂದಕ್ಕೆ 30 ಎಂಬಿ ಹಿಡಿ, ದಿನಕ್ಕೆ 45 ಜಿಬಿ ಆಯಿತು. ಮೂರು ದಿನಕ್ಕೆ 135. ನೀನು 128 ಜಿಬಿ ಟ್ಯಾಬ್ ತಗೊಂಡಿದ್ದರೆ ಮೂರನೇ ದಿನ ಅದರ ಹೊಟ್ಟೆ ಬಿರಿಯುತ್ತದೆ. ಹಾಗಾಗಿ ಫೋಟೊಗಳನ್ನು ಟ್ಯಾಬಿನ ಒಳಗೆ ಇಳಿಸಲೇಬೇಡ. 2019ರಲ್ಲಿ ಬಂದ ಐಪ್ಯಾಡ್‌ಓಎಸ್ 13ರಿಂದ ಐಪ್ಯಾಡಿಗೂ ಹೊರಗಿನ ಡ್ರೈವ್ ಹಾಕಬಹುದು, ಆಂಡ್ರಾಯ್ಡಿಗಂತೂ ಮುಂಚಿನಿಂದಲೂ ಆಗುತ್ತಿತ್ತು. ಒಂದು ಟೈಪ್-ಸಿ ಹಬ್, ಒಂದು ಕಡೆ ಕಾರ್ಡ್, ಇನ್ನೊಂದು ಕಡೆ ಪುಟ್ಟ ಎಸ್‌ಎಸ್‌ಡಿ, ನೇರ ಕಾಪಿ. ಹಳೆಯ ಸುತ್ತುವ ಹಾರ್ಡ್ ಡಿಸ್ಕ್ ಬೇಡ, ಕೆಲವಕ್ಕೆ ಟ್ಯಾಬ್ ಕೊಡುವ ಕರೆಂಟ್ ಸಾಲದೆ ಟಿಕ್ ಟಿಕ್ ಅಂತ ಸುಮ್ನೆ ಸದ್ದು ಮಾಡುತ್ತಾ ಕೂರುತ್ತವೆ. ಕಾಪಿ ಆಯಿತು ಅಂತ ಕಾರ್ಡನ್ನು ಕೂಡಲೇ ಅಳಿಸಬೇಡ. ಕೊನೆಯ ಹತ್ತು ಫೋಟೊ ತೆರೆದು ನೋಡು. ಕಾರ್ಡ್ ಅಗ್ಗ, ಎರಡು ಜಾಸ್ತಿ ಇಟ್ಟುಕೋ, ಮನೆಗೆ ಬರುವವರೆಗೆ ಅಳಿಸುವ ಕೆಲಸವೇ ಬೇಡ.

ಬಿಸಿಲಿನ ಮಾತು. ಏಪ್ರಿಲ್‌ನಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಟ್ಯಾಬ್ ಇಟ್ಟು ಚಹಾ ಕುಡಿಯಲು ಹೋಗಬೇಡ. ಐಪ್ಯಾಡ್ ಬಳಸಬಹುದಾದ ಸುತ್ತಲಿನ ಶಾಖ 35 ಡಿಗ್ರಿವರೆಗೆ ಅಂತ ಅದನ್ನು ಮಾಡಿದವರೇ ಹೇಳಿದ್ದಾರೆ. ನಮ್ಮ ಕಡೆ ಆ ತಿಂಗಳು ನೆರಳಿನಲ್ಲೇ ಅಷ್ಟು ಬರುತ್ತದೆ, ಗಾಜು ಮುಚ್ಚಿದ ಗಾಡಿಯೊಳಗೆ ಕೇಳಬೇಕಾ? ಬಿಸಿಯಾದರೆ ಅದು ಚಾರ್ಜ್ ನಿಲ್ಲಿಸುತ್ತದೆ, ಪರದೆ ಮಂಕು ಮಾಡುತ್ತದೆ, ಕೊನೆಗೆ ತಣ್ಣಗಾಗುವವರೆಗೆ ಕೆಲಸ ಮಾಡಲ್ಲ ಅಂತ ಹಟ ಹಿಡಿಯುತ್ತದೆ.

ಇನ್ನು ಮದುವೆ. ಬೆಳಿಗ್ಗೆ ಮುಹೂರ್ತ, ಸಂಜೆ ರಿಸೆಪ್ಷನ್‌ನಲ್ಲಿ ಬೆಳಗಿನ ವಿಡಿಯೊ ದೊಡ್ಡ ಪರದೆ ಮೇಲೆ ಓಡಬೇಕು ಅಂತ ಈಗ ಎಲ್ಲರೂ ಕೇಳುತ್ತಾರೆ. ಎರಡು ಮೂರು ಕ್ಯಾಮೆರಾದ ಫೈಲು, ಹಾಡು, ಹೆಸರು, ಛತ್ರದ ಸ್ಟೋರ್ ರೂಮಿನಲ್ಲಿ ಕೂತು ನಾಲ್ಕು ಗಂಟೆಯಲ್ಲಿ ಎಡಿಟ್ ಮಾಡಬೇಕು. ಅದಕ್ಕೆ ಲ್ಯಾಪ್‌ಟಾಪೇ ಬೇಕು, ಅದೂ ಹಗುರದ್ದು ಅಂತ ಹೋಗಬೇಡ, ಫ್ಯಾನ್ ಇರುವ ಗಟ್ಟಿಮುಟ್ಟಾದದ್ದು ತಗೋ. ಕಾರಿನಲ್ಲಿ ಹೋಗುತ್ತೀಯ, ತೂಕದ ಮಾತು ನಿನಗೆ ಯಾಕೆ?

ಪ್ರಶ್ನೆ: ಟ್ಯಾಬೂ ಹೌದು ಲ್ಯಾಪ್‌ಟಾಪೂ ಹೌದು ಅನ್ನುವ ಟೂ-ಇನ್-ಒನ್ ತಗೊಂಡರೆ ಎರಡೂ ಚಿಂತೆ ತಪ್ಪುತ್ತದಲ್ಲ? (ಮಳವಳ್ಳಿ)

ಉತ್ತರ: ತಪ್ಪುತ್ತದೆ, ಮೇಜಿದ್ದರೆ. ಹಿಂದೆ ಕಾಲು ಕೊಟ್ಟು ನಿಲ್ಲಿಸುವ ಮಾದರಿಗಳಿಗೆ, 2012ರಲ್ಲಿ ಮೈಕ್ರೋಸಾಫ್ಟ್ ಸರ್ಫೇಸ್ ಬಂದಾಗಿನಿಂದ ಜನಪ್ರಿಯವಾದದ್ದು ಆ ಬಗೆ, ತೊಡೆಯ ಮೇಲೆ ಜಾಗ ಸಾಲುವುದಿಲ್ಲ. ಅದರ ಕಾಲು ನಮ್ಮ ಮೊಣಕಾಲಿನಿಂದ ಜಾರುತ್ತದೆ, ಕೀಬೋರ್ಡ್ ಚಾಪೆಯ ಹಾಗೆ ಬಳುಕುತ್ತದೆ. ನೀವು ಹೆಚ್ಚಾಗಿ ಕೂರುವುದು ಬಸ್ಸಿನಲ್ಲಾ, ಯಾರದೋ ಆಫೀಸಿನ ಮೇಜಿನ ಮುಂದಾ? ಮೇಜಿನ ಮುಂದಾದರೆ ತಗೊಳ್ಳಿ, ಅದರೊಳಗೆ ವಿಂಡೋಸ್ ಇರುವುದರಿಂದ ಕೆಲಸಕ್ಕೆ ಮೋಸವಿಲ್ಲ. ಪರದೆ 360 ಡಿಗ್ರಿ ಮಡಚುವ ಬಗೆಯದು ಬಸ್ಸಿಗೂ ಪರವಾಗಿಲ್ಲ, ಆದರೆ ಅದು ಲ್ಯಾಪ್‌ಟಾಪಿನ ತೂಕವೇ. ಟ್ಯಾಬ್ ಅಂತ ಒಂದು ಕೈಯಲ್ಲಿ ಹಿಡಿದು ಓದಿದರೆ ಹತ್ತು ನಿಮಿಷಕ್ಕೆ ಕೈ ಸೋಲುತ್ತದೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಕಂಪ್ಯೂಟರ್ ಸೈನ್ಸ್. ವಾರ ವಾರ ಕೆ.ಆರ್. ಪೇಟೆಗೆ ಹೋಗಿ ಬರುತ್ತೇನೆ. ಅಪ್ಪ ಒಂದೇ ಕೊಡಿಸುವುದು ಅಂದಿದ್ದಾರೆ. ಪೆನ್ ಇರುವ ಟ್ಯಾಬ್ ನೋಟ್ಸ್‌ಗೆ ತುಂಬಾ ಚೆನ್ನಾಗಿದೆ ಅಂತ ಫ್ರೆಂಡ್ಸ್ ಹೇಳ್ತಾರೆ.

ಉತ್ತರ: ಒಂದೇ ಅಂದಮೇಲೆ ಲ್ಯಾಪ್‌ಟಾಪ್ ಕಣಪ್ಪಾ, ಬೇರೆ ಮಾತಿಲ್ಲ. ನೋಟ್ಸ್ ಬರೆಯಲು 40 ರೂಪಾಯಿಯ ನೋಟ್‌ಬುಕ್ ಇದೆ. ಕೋಡ್ ಬರೆದು ಓಡಿಸಿ, ತಪ್ಪು ಹುಡುಕಿ, ಡೇಟಾಬೇಸ್ ಹಾಕಿ, ಕೊನೆಯ ವರ್ಷದ ಪ್ರಾಜೆಕ್ಟ್ ಮುಗಿಸುವುದು ಟ್ಯಾಬಿನಲ್ಲಿ ಹಿಂಸೆ. ಫ್ರೆಂಡ್ಸ್ ಹತ್ತಿರ ಟ್ಯಾಬ್ ಜೊತೆಗೆ ಲ್ಯಾಪ್‌ಟಾಪೂ ಇದೆಯಾ ಅಂತ ಕೇಳು. ಇದ್ದೇ ಇರುತ್ತದೆ.

ಪ್ರಶ್ನೆ: ಸರ್, ಮೈಸೂರು–ಬೆಂಗಳೂರು ಬಸ್ಸಿನಲ್ಲಿ ವಾರಕ್ಕೆ ಮೂರು ದಿನ ಓಡಾಡುತ್ತೇನೆ. ಹೋದ ತಿಂಗಳು ಲ್ಯಾಪ್‌ಟಾಪ್ ತೊಡೆಯ ಮೇಲೆ ತೆರೆದು ಕೂತಿದ್ದೆ, ಮುಂದಿನವರು ಸೀಟನ್ನು ದಢಕ್ಕನೆ ಹಿಂದಕ್ಕೆ ತಳ್ಳಿದರು, ಪರದೆ ಸೀಟಿನ ಬೆನ್ನಿಗೆ ಸಿಕ್ಕಿ ಒಡೆಯಿತು. ರಿಪೇರಿಗೆ ಕೇಳಿದ ದುಡ್ಡು ಕೇಳಿ ತಲೆ ತಿರುಗಿತು. ಇನ್ನು ಮುಂದೆ ಟ್ಯಾಬ್ ತಗೊಳ್ಳುವುದೇ ವಾಸಿ ಅಲ್ವಾ? ಮುಂದಿನ ತಿಂಗಳು ದೆಹಲಿಗೆ ಮೊದಲ ಸಲ ವಿಮಾನದಲ್ಲೂ ಹೋಗಬೇಕು, ಅಲ್ಲಿ ಪವರ್ ಬ್ಯಾಂಕ್ ಬಿಡುತ್ತಾರಾ?

ಉತ್ತರ: ಅಯ್ಯೋ, ಪಾಪ. ನಿಮಗಾದದ್ದು ಬಹಳ ಜನಕ್ಕೆ ಆಗಿದೆ. ಲ್ಯಾಪ್‌ಟಾಪಿನ ಮುಚ್ಚಳ ನಿಂತಾಗ ಅದರ ತುದಿ ಸರಿಯಾಗಿ ಮುಂದಿನ ಸೀಟಿನ ಬೆನ್ನು, ಟ್ರೇಗಳ ಸಂದಿಗೆ ಹೋಗಿ ಕೂರುತ್ತದೆ. ಸೀಟು ಬಾಗಿದರೆ ಅಡಕೆ ಕತ್ತರಿ ಹಾಗೆ. ಟ್ಯಾಬನ್ನು ಕೈಯಲ್ಲಿ ಹಿಡಿದು ಓದುವುದಾದರೆ ಆ ಅಪಾಯ ಇಲ್ಲ, ಕೀಬೋರ್ಡ್ ಸಿಕ್ಕಿಸಿ ನಿಲ್ಲಿಸಿದಿರೋ ಮತ್ತೆ ಅದೇ ಕಥೆ. ಬಸ್ಸಿನಲ್ಲಿ ನಿಮ್ಮ ಕೆಲಸ ಮೇಲ್ ಓದುವುದು, ಎರಡು ಸಾಲು ಉತ್ತರ ಬರೆಯುವುದು ಇಷ್ಟೇ ಆದರೆ ಅದಕ್ಕೆ ಫೋನೇ ಸಾಕು, ಟ್ಯಾಬ್ ಕೂಡ ಬೇಡ. ಪರದೆ ಹಾಕಿಸಿ ಅದನ್ನೇ ಬಳಸಿ. ಮುಂದೆ ಸೀಟಿಲ್ಲದ ಮೊದಲ ಸಾಲು ಸಿಗುತ್ತದಾ ಅಂತ ಬುಕ್ ಮಾಡುವಾಗಲೇ ನೋಡಿ. ಸಿಗದಿದ್ದರೆ ಲ್ಯಾಪ್‌ಟಾಪ್ ತೆಗೆಯುವ ಮೊದಲು ಮುಂದಿನವರ ಹತ್ತಿರ ಒಂದು ಮಾತು, ‘ಸ್ವಾಮಿ, ಹಿಂದಕ್ಕೆ ಹಾಕುವಾಗ ಒಂಚೂರು ಹೇಳಿ’ ಅಂತ. ನಮ್ಮ ಕಡೆ ಜನ ಹೇಳಿದರೆ ಕೇಳುತ್ತಾರೆ.

ವಿಮಾನಕ್ಕೆ: ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಮಾಡುವ ಸೂಟ್‌ಕೇಸಿನಲ್ಲಿ ಹಾಕುವ ಹಾಗೇ ಇಲ್ಲ. ಯಾರ ಅನುಮತಿಯೂ ಬೇಡದೆ ಒಯ್ಯಬಹುದಾದದ್ದು 100 ವ್ಯಾಟ್-ಅವರ್‌ವರೆಗೆ. ಅದರ ಮೇಲೆ ಎಂಎಎಚ್ ಬರೆದಿರುತ್ತಾರೆ. ಅದನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 20,000 ಎಂಎಎಚ್ ಆದರೆ 74 ವ್ಯಾಟ್-ಅವರ್, ನಿಶ್ಚಿಂತೆ. 27,000 ಹತ್ತಿರ ಬಂದರೆ ಗಡಿಗೆ ಬಂದಿರಿ. ಅಕ್ಷರ ಅಳಿಸಿಹೋದ ಹಳೆಯದನ್ನು ಒಯ್ಯಬೇಡಿ, ಎಷ್ಟಿದೆ ಅಂತ ತೋರಿಸಲಾಗದಿದ್ದರೆ ಅಲ್ಲೇ ಇಡಿಸಿಕೊಂಡಾರು. ಇನ್ನೊಂದು, ಫೋನಿಗೆ ತಗೊಂಡ 20 ವ್ಯಾಟಿನ ಪವರ್ ಬ್ಯಾಂಕ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಒಂದೋ ಚಾರ್ಜೇ ಆಗುವುದಿಲ್ಲ, ಆದರೂ ತೊಟ್ಟು ತೊಟ್ಟಾಗಿ. ಲ್ಯಾಪ್‌ಟಾಪಿಗೆ 45 ಅಥವಾ 65 ವ್ಯಾಟ್ ಪಿಡಿ ಅಂತ ಬರೆದಿರುವುದು ಬೇಕು. ಈ ವಿಷಯದಲ್ಲಿ ಮಾತ್ರ ಟ್ಯಾಬ್ ಗೆದ್ದಿತು, ಫೋನಿನ ಪವರ್ ಬ್ಯಾಂಕ್ ಅದಕ್ಕೂ ಆಗುತ್ತದೆ. ಸೆಕ್ಯುರಿಟಿಯಲ್ಲಿ ಲ್ಯಾಪ್‌ಟಾಪ್, ಟ್ಯಾಬ್ ಎರಡನ್ನೂ ಬ್ಯಾಗಿನಿಂದ ತೆಗೆದು ಟ್ರೇನಲ್ಲಿ ಇಡಿಸುತ್ತಾರೆ, ಬಟ್ಟೆ ಕೆಳಗೆ ಹೂತಿಡಬೇಡಿ, ಹಿಂದಿನವರು ಗೊಣಗುತ್ತಾರೆ.

ಬಸ್ಸಿನ ಬಗ್ಗೆ ಇನ್ನೊಂದು ಹೇಳಲಾ? 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದಮೇಲೆ ದಾರಿಯಲ್ಲಿ ಕೆಲಸ ಮುಗಿಸುವಷ್ಟು ಹೊತ್ತೇ ಸಿಗುವುದಿಲ್ಲ. ತೆರೆದು, ನೆಟ್ ಹಿಡಿದು, ಪಾಸ್‌ವರ್ಡ್ ಹಾಕುವಷ್ಟರಲ್ಲಿ ಮಂಡ್ಯ ಹಿಂದೆ ಹೋಗಿರುತ್ತದೆ. ನಾನಂತೂ ಬ್ಯಾಗನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ರಾಮನಗರ ದಾಟುವವರೆಗೆ ನಿದ್ದೆ ಮಾಡುತ್ತೇನೆ.